ಅಪಹರಣದ ಕರೆ ಮತ್ತು ನಮ್ಮ ದೂರಸಂಪರ್ಕ ಕಾನೂನು

ಸಂಜೆ ಐದು ಗಂಟೆಗೆ ಮನೆ ಸೇರಬೇಕಾಗಿದ್ದ ಮಗು ಏಳಾದರೂ ಬಂದಿಲ್ಲ ಎಂದು ಊಹಿಸಿಕೊಳ್ಳಿ. ಅಷ್ಟರಲ್ಲಿ ತಂದೆಯ ಮೊಬೈಲ್ ಫೋನಿಗೆ ಒಂದು ಕರೆ ಬರುತ್ತದೆ. ಮಗು ನಮ್ಮ ಬಳಿ ಇದೆ, ಹಣ ಸಿದ್ಧ ಮಾಡಿ, ಪೊಲೀಸರಿಗೆ ತಿಳಿಸಿದರೆ ಮಗು ಉಳಿಯುವುದಿಲ್ಲ ಎಂಬ ಬೆದರಿಕೆ. ನಲವತ್ತು ಸೆಕೆಂಡಿನಲ್ಲಿ ಕರೆ ಮುಗಿಯುತ್ತದೆ. ಆ ಮನೆಗೂ ಮಗುವಿಗೂ ನಡುವೆ ಉಳಿದಿರುವ ಕೊಂಡಿ ಅದೊಂದೇ. ಪೊಲೀಸರು ಆ ಕೊಂಡಿಯನ್ನು ಹಿಡಿದು ಏನೇನು ಮಾಡಬಹುದು? ಮುಂದಿನ ಕರೆಯನ್ನು ಕದ್ದು ಕೇಳಬಹುದೆ? ಕರೆ ಬಂದ ಸ್ಥಳವನ್ನು ದೂರವಾಣಿ ಕಂಪನಿಯಿಂದ ತಿಳಿದುಕೊಳ್ಳಬಹುದೆ? ಅಪಹರಣಕಾರ ಬೇರೆ ಯಾರೊಡನೆಯೂ ಮಾತನಾಡದಂತೆ ಅವನ ಫೋನನ್ನು ತಡೆಯಬಹುದೆ?

ಇವು ತಂತ್ರಜ್ಞರು ಉತ್ತರಿಸಬೇಕಾದ ಪ್ರಶ್ನೆಗಳೆಂದು ನಿಮಗೆ ತೋರಬಹುದು. ಆದರೆ ಉತ್ತರದ ಅರ್ಧಭಾಗ ಕಾನೂನಿನಲ್ಲಿದೆ. ತಂತ್ರಜ್ಞಾನದಲ್ಲಿ ಸಾಧ್ಯವಾಗುವುದನ್ನೆಲ್ಲ ಕಾನೂನು ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಹಾಗೆಯೇ ಕಾನೂನು ಕೊಟ್ಟಿರುವ ಅಧಿಕಾರಗಳೆಲ್ಲ ಇಂದಿನ ತಂತ್ರಜ್ಞಾನಕ್ಕೆ ಹೊಂದಿಕೊಂಡೂ ಇಲ್ಲ. ಅಪಹರಣ ನಡೆದಾಗ ಪೊಲೀಸರಿಗೆ ಬೇಕಾಗುವ ಅಧಿಕಾರಗಳು ಮೂರು: ಕೇಳುವುದು, ಸ್ಥಳ ತಿಳಿಯುವುದು, ತಡೆಯುವುದು. ನಮ್ಮ ಕಾನೂನು ಮೊದಲನೆಯದಕ್ಕೆ ಗಟ್ಟಿ ಬೇಲಿ ಹಾಕಿದೆ, ಎರಡನೆಯದಕ್ಕೆ ಬೇಲಿಯನ್ನೇ ಹಾಕಿಲ್ಲ, ಮೂರನೆಯದನ್ನು ಇಡೀ ಊರಿನ ಲೆಕ್ಕದಲ್ಲಿ ಯೋಚಿಸಿದೆ. ಅಪಹೃತರಿಗೆ ಹೆಚ್ಚು ಉಪಯೋಗವಾಗುವುದು ಎರಡನೆಯದು. ಈ ಅಸಮತೋಲನವನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ತಂತಿಯಿಂದ ಬಂದ ಕಾನೂನು

ನಮ್ಮ ಕಾನೂನಿನ ಬೇರು 1885ರ ಭಾರತೀಯ ಟೆಲಿಗ್ರಾಫ್ ಕಾಯಿದೆಯಲ್ಲಿದೆ. ಗುಮಾಸ್ತನೊಬ್ಬ ಕಾಗದದ ಮೇಲಿನ ಮಾತನ್ನು ಮೋರ್ಸ್ ಸಂಕೇತವಾಗಿ ಕಳುಹಿಸುತ್ತಿದ್ದ ಕಾಲ ಅದು. ತಂತಿ ಸಂದೇಶವನ್ನು ಏನು ಮಾಡಬಹುದು? ಮುಂದಕ್ಕೆ ಕಳುಹಿಸದೆ ಇರಬಹುದು, ತಡೆದು ಇಟ್ಟುಕೊಳ್ಳಬಹುದು, ಓದಬಹುದು, ಸರಕಾರಕ್ಕೆ ತಿಳಿಸಬಹುದು. ಕಾಯಿದೆಯ 5ನೆಯ ಕಲಮು ಈ ಅಧಿಕಾರಗಳನ್ನೇ ಹೇಳಿತು. 1972ರಲ್ಲಿ ಈ ಕಲಮಿಗೆ ತಿದ್ದುಪಡಿಯಾಗಿ, ಯಾವ ಕಾರಣಗಳಿಗಾಗಿ ಈ ಅಧಿಕಾರವನ್ನು ಬಳಸಬಹುದು ಎಂಬುದನ್ನು ಪಟ್ಟಿ ಮಾಡಲಾಯಿತು.

ಅಧಿಕಾರವಿದ್ದರೂ ಅದನ್ನು ಬಳಸುವ ಕ್ರಮ ಬಹುಕಾಲ ಗೊತ್ತುಪಡಿಸಿರಲಿಲ್ಲ. 1996ರ ಡಿಸೆಂಬರಿನಲ್ಲಿ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಎಂಬ ಸಂಸ್ಥೆಯ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ದೂರವಾಣಿಯಲ್ಲಿ ಮಾತನಾಡುವುದು ಖಾಸಗಿ ಬದುಕಿನ ಭಾಗ, ಕದ್ದಾಲಿಕೆಯ ಆದೇಶವನ್ನು ಗೃಹ ಕಾರ್ಯದರ್ಶಿಯೇ ಹೊರಡಿಸಬೇಕು, ಆದೇಶಕ್ಕೆ ಅವಧಿ ಇರಬೇಕು, ಅದನ್ನು ಪರಿಶೀಲನಾ ಸಮಿತಿ ನೋಡಬೇಕು ಎಂದು ಅದು ಹೇಳಿತು. 2007ರಲ್ಲಿ ಇವು 419ಎ ಎಂಬ ನಿಯಮದ ರೂಪ ತಳೆದವು.

2013ರ ಜುಲೈನಲ್ಲಿ ತಂತಿ ಸೇವೆಯೇ ಮುಗಿಯಿತು. ಆದರೆ ತಂತಿ ಕಾಯಿದೆ ಇನ್ನೂ ಹತ್ತು ವರ್ಷ ಬದುಕಿತು. 2023ರ ದೂರಸಂಪರ್ಕ ಕಾಯಿದೆ ಬಂದು, ಅದರ 20ನೆಯ ಕಲಮು 2024ರ ಜೂನ್ 26ರಿಂದ ಜಾರಿಯಾಯಿತು. ಕದ್ದಾಲಿಕೆಯ ಹೊಸ ನಿಯಮಗಳು ಅದೇ ವರ್ಷದ ಡಿಸೆಂಬರಿನಲ್ಲಿ ಪ್ರಕಟವಾದವು. ಹೊಸ ಕಾಯಿದೆ ಹಳೆಯದರ ಲೋಪಗಳನ್ನು ಸರಿಪಡಿಸುತ್ತದೆ ಎಂದು ನಿರೀಕ್ಷಿಸುವುದು ಸಹಜ. ಆದರೆ 20ನೆಯ ಕಲಮನ್ನು 1885ರ ಕಾಯಿದೆಯ 5ನೆಯ ಕಲಮಿನ ಪಕ್ಕದಲ್ಲಿಟ್ಟು ಓದಿ ನೋಡಿ. ವಾಕ್ಯದ ಕಟ್ಟು ಬಹುಪಾಲು ಅದೇ ಆಗಿದೆ. ಅದು ಇಂದಿಗೂ 'ಸಂದೇಶ' ಎಂಬುದರ ಸುತ್ತಲೇ ಸುತ್ತುತ್ತದೆ.

ಪಟ್ಟಿಯಲ್ಲಿ ಅಪಹರಣ ಎಲ್ಲಿದೆ?

ಮಾತನ್ನು ಕದ್ದು ಕೇಳಲು ಕಾನೂನು ಎರಡು ಮೆಟ್ಟಿಲುಗಳನ್ನು ಇಟ್ಟಿದೆ. ಮೊದಲ ಮೆಟ್ಟಿಲು, ಸಾರ್ವಜನಿಕ ತುರ್ತುಪರಿಸ್ಥಿತಿ ಇರಬೇಕು ಇಲ್ಲವೆ ಸಾರ್ವಜನಿಕ ಸುರಕ್ಷತೆಯ ಹಿತ ಇರಬೇಕು. ಎರಡನೆಯ ಮೆಟ್ಟಿಲು, ಪಟ್ಟಿಯಲ್ಲಿರುವ ಒಂದು ಕಾರಣ ಇರಬೇಕು: ದೇಶದ ಸಾರ್ವಭೌಮತ್ವ ಮತ್ತು ಅಖಂಡತೆ, ರಕ್ಷಣೆ ಮತ್ತು ಭದ್ರತೆ, ವಿದೇಶಗಳೊಂದಿಗಿನ ಸ್ನೇಹಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಅಪರಾಧಕ್ಕೆ ಪ್ರಚೋದನೆಯನ್ನು ತಡೆಯುವುದು. ಎರಡೂ ಮೆಟ್ಟಿಲುಗಳನ್ನು ಹತ್ತಿದರೆ ಮಾತ್ರ ಆದೇಶ ಸಿಂಧು.

ಈಗ ನಮ್ಮ ಮೊದಲ ಉದಾಹರಣೆಯನ್ನು ಈ ಮೆಟ್ಟಿಲುಗಳ ಮುಂದೆ ನಿಲ್ಲಿಸೋಣ. ಒಂದು ಮಗುವಿನ ಅಪಹರಣ ಸಾರ್ವಜನಿಕ ತುರ್ತುಪರಿಸ್ಥಿತಿಯೆ? 1996ರ ತೀರ್ಪಿನ ಪ್ರಕಾರ ಈ ಎರಡೂ ಪದಗಳು ಜನಸಮುದಾಯಕ್ಕೆ ಸಂಬಂಧಿಸಿದವು. ಒಂದು ಮನೆಯ ದುಃಖ ಎಷ್ಟೇ ದೊಡ್ಡದಾದರೂ ಅದು ಜನಸಮುದಾಯಕ್ಕೆ ಎದುರಾದ ಅಪಾಯವಲ್ಲ. ಎರಡನೆಯ ಮೆಟ್ಟಿಲು ಇನ್ನೂ ಕಷ್ಟ. ಅಪರಾಧದ ಪ್ರಚೋದನೆ ಎಂದರೆ ಮುಂದೆ ನಡೆಯಬಹುದಾದ ಕೃತ್ಯಕ್ಕೆ ಹುರಿದುಂಬಿಸುವುದು. ಇಲ್ಲಿ ಅಪರಾಧ ಆಗಲೇ ನಡೆದಿದೆ, ನಡೆಯುತ್ತಲೂ ಇದೆ. ನಡೆಯುತ್ತಿರುವ ಅಪರಾಧದಿಂದ ಒಂದು ಜೀವವನ್ನು ಉಳಿಸುವುದು ಎಂಬ ಕಾರಣ ಪಟ್ಟಿಯಲ್ಲೇ ಇಲ್ಲ.

ಇದನ್ನು ಕೇವಲ ಪದಗಳ ಜಗಳ ಎಂದು ತಳ್ಳಿಹಾಕಬೇಡಿ. 2019ರಲ್ಲಿ ಬೊಂಬಾಯಿ ಉಚ್ಚ ನ್ಯಾಯಾಲಯವೂ 2025ರ ಜುಲೈನಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವೂ ಲಂಚದ ಆರೋಪದ ಪ್ರಕರಣಗಳಲ್ಲಿ ಕದ್ದಾಲಿಕೆಯ ಆದೇಶಗಳನ್ನು ರದ್ದುಗೊಳಿಸಿದವು. ಸಾಮಾನ್ಯ ಅಪರಾಧದ ತನಿಖೆಯನ್ನು ಸಾರ್ವಜನಿಕ ತುರ್ತು ಎಂದು ಕರೆಯಲಾಗದು ಎಂಬುದೇ ಕಾರಣ. ಅದಕ್ಕೆ ಕೆಲವೇ ದಿನ ಮೊದಲು, 2025ರ ಜೂನ್‌ನಲ್ಲಿ, ದೆಹಲಿ ಉಚ್ಚ ನ್ಯಾಯಾಲಯ ಬೇರೊಂದು ಭ್ರಷ್ಟಾಚಾರದ ಪ್ರಕರಣದಲ್ಲಿ ಕದ್ದಾಲಿಕೆಯನ್ನು ಎತ್ತಿಹಿಡಿದಿತ್ತು. ಒಂದೇ ವಾಕ್ಯಕ್ಕೆ ಎರಡು ಅರ್ಥ ಬಂದಂತಾಯಿತು. ಅಪಹರಣದ ಪ್ರಕರಣದಲ್ಲಿ ಆರೋಪಿಯ ವಕೀಲರು ಇದೇ ವಾದವನ್ನು ಎತ್ತಿದರೆ, ಮಗುವನ್ನು ಉಳಿಸಿದ ಕದ್ದಾಲಿಕೆಯೇ ಪ್ರಶ್ನೆಗೆ ಒಳಗಾಗಬಹುದು.

ಶಾಸಕರಿಗೆ ಅಪಹರಣದ ಗಾಂಭೀರ್ಯ ತಿಳಿದಿರಲಿಲ್ಲವೆ? ತಿಳಿದಿತ್ತು. ಹಣಕ್ಕಾಗಿ ಅಪಹರಿಸಿ ಕೊಲೆಬೆದರಿಕೆ ಹಾಕುವುದನ್ನು ಪ್ರತ್ಯೇಕ ಅಪರಾಧವೆಂದು 1993ರಲ್ಲಿ ಭಾರತೀಯ ದಂಡ ಸಂಹಿತೆಗೆ 364ಎ ಎಂದು ಸೇರಿಸಲಾಯಿತು. ಮರಣದಂಡನೆಯವರೆಗೆ ಶಿಕ್ಷೆ ವಿಧಿಸಬಹುದು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 140ನೆಯ ಕಲಮಿನಲ್ಲಿದೆ. ಶಿಕ್ಷೆಯನ್ನು ಅತ್ಯುನ್ನತ ಮಟ್ಟಕ್ಕೆ ಏರಿಸಿದವರು ಅಪಹೃತನನ್ನು ಹುಡುಕುವ ಸಾಧನದ ಕಡೆ ಗಮನ ಕೊಡಲಿಲ್ಲ.

ಮಹಾರಾಷ್ಟ್ರದ 1999ರ ಸಂಘಟಿತ ಅಪರಾಧ ನಿಯಂತ್ರಣ ಕಾಯಿದೆಯಲ್ಲಿ ಇದಕ್ಕೊಂದು ಒಳ್ಳೆಯ ಮಾದರಿ ಸಿಗುತ್ತದೆ. ಯಾರದೇ ಜೀವಕ್ಕೆ ತಕ್ಷಣದ ಅಪಾಯವಿದ್ದರೆ ಹೆಚ್ಚುವರಿ ಮಹಾನಿರ್ದೇಶಕರ ದರ್ಜೆಯ ಪೊಲೀಸ್ ಅಧಿಕಾರಿ ಕದ್ದಾಲಿಕೆಗೆ ಅನುಮತಿ ಕೊಟ್ಟು, 48 ಗಂಟೆಗಳೊಳಗೆ ಒಪ್ಪಿಗೆಗಾಗಿ ಅರ್ಜಿ ಹಾಕಬಹುದು. ಕರ್ನಾಟಕದ 2000ದ ಸಂಘಟಿತ ಅಪರಾಧ ಕಾಯಿದೆಯನ್ನೂ ಇದೇ ಮಾದರಿಯಲ್ಲಿ ರಚಿಸಲಾಗಿದೆ. ಆದರೆ ಈ ಕಾಯಿದೆಗಳು ಅನ್ವಯವಾಗಬೇಕಾದರೆ ಅಪರಾಧಿಗಳ ತಂಡವಿರಬೇಕು, ಹಿಂದಿನ ಆರೋಪಪಟ್ಟಿಗಳಿರಬೇಕು. ಸಾಲದ ಬಾಧೆಯಿಂದ ಮೊದಲ ಬಾರಿ ಅಪಹರಣಕ್ಕೆ ಇಳಿದ ಪಕ್ಕದ ಬೀದಿಯವನು ಈ ಬಲೆಗೆ ಬೀಳುವುದಿಲ್ಲ.

ಕೇಳುವುದು: ಅಂದುಕೊಂಡಷ್ಟು ಮುಖ್ಯವೆ?

ಇಷ್ಟೆಲ್ಲ ಬೇಲಿ ಹಾಕಿಸಿಕೊಂಡ ಕದ್ದಾಲಿಕೆಯಿಂದ ಅಪಹರಣದಲ್ಲಿ ಎಷ್ಟು ಪ್ರಯೋಜನ? ಸ್ವಲ್ಪ ಯೋಚಿಸಿ. ಹಣ ಕೇಳುವ ಕರೆ ಬರುವುದು ಮನೆಯವರಿಗೆ. ಅವರೇ ಒಪ್ಪಿ ಪೊಲೀಸರಿಗೆ ಕೇಳಿಸಿದರೆ ಅದು ಕದ್ದಾಲಿಕೆಯಾಗುವುದಿಲ್ಲ. ಮಾತನಾಡುವ ಇಬ್ಬರಲ್ಲಿ ಒಬ್ಬರ ಒಪ್ಪಿಗೆಯಿಂದ ಮಾಡಿದ ಧ್ವನಿಮುದ್ರಣ ಟೆಲಿಗ್ರಾಫ್ ಕಾಯಿದೆಯನ್ನು ಉಲ್ಲಂಘಿಸುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 1972ರಲ್ಲೇ ಆರ್. ಎಂ. ಮಲ್ಕಾನಿ ಪ್ರಕರಣದಲ್ಲಿ ಹೇಳಿದೆ. ಅಂದರೆ ಅತ್ಯಂತ ಮುಖ್ಯವಾದ ಮಾತುಕತೆಯನ್ನು ಕೇಳಲು ಗೃಹ ಕಾರ್ಯದರ್ಶಿಯ ಆದೇಶವೇ ಬೇಕಿಲ್ಲ.

ಆದೇಶ ಬೇಕಾಗುವುದು ಅಪಹರಣಕಾರರು ತಮ್ಮ ತಮ್ಮಲ್ಲೇ ಮಾತನಾಡುವುದನ್ನು ಕೇಳಲು. ಇದಕ್ಕೆ ತುರ್ತು ದಾರಿಯೂ ಇದೆ. ಮುಂಚಿತ ಆದೇಶ ಪಡೆಯಲು ಆಗದ ಸಂದರ್ಭದಲ್ಲಿ ರಾಜ್ಯದಲ್ಲಿ ಐಜಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ ಅನುಮತಿ ಕೊಡಬಹುದು. ಮೂರು ಕೆಲಸದ ದಿನಗಳಲ್ಲಿ ಗೃಹ ಕಾರ್ಯದರ್ಶಿಗೆ ತಿಳಿಸಬೇಕು, ಏಳು ಕೆಲಸದ ದಿನಗಳಲ್ಲಿ ಅದಕ್ಕೆ ಒಪ್ಪಿಗೆ ಸಿಗಬೇಕು. ಈ ವ್ಯವಸ್ಥೆ ತಕ್ಕಮಟ್ಟಿಗೆ ಸರಿಯಾಗಿದೆ. ಆದರೆ ಇಂದು ಅಂತರಜಾಲದ ಮೂಲಕ ಹೋಗುವ ಎಷ್ಟೋ ಕರೆಗಳು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಗೂಢಲಿಪಿಯಲ್ಲಿರುತ್ತವೆ. ದೂರವಾಣಿ ಕಂಪನಿಗೆ ಕಾಣುವುದು ಅರ್ಥವಾಗದ ದತ್ತಾಂಶದ ತುಣುಕುಗಳು ಮಾತ್ರ. ಆದೇಶ ಕೈಯಲ್ಲಿದ್ದರೂ ಮಾತು ಕೈಗೆ ಸಿಗದು.

ಮಾತು ಸಿಗದಿದ್ದರೂ ಒಂದು ಸಂಗತಿ ಸಿಗುತ್ತದೆ. ಫೋನು ಚಾಲೂ ಇರುವವರೆಗೆ ಅದು ಯಾವುದೋ ಒಂದು ಗೋಪುರದೊಡನೆ ರೇಡಿಯೊ ತರಂಗಗಳ ಮೂಲಕ ಸಂಪರ್ಕ ಇಟ್ಟುಕೊಂಡಿರಲೇಬೇಕು. ಆದ್ದರಿಂದ ಫೋನು ಎಲ್ಲಿದೆ ಎಂಬುದು ಗೂಢಲಿಪಿಯಿಂದ ಮರೆಯಾಗುವುದಿಲ್ಲ.

ಸ್ಥಳ ತಿಳಿಯುವುದು ಹೇಗೆ?

ಹಳೆಯ ಚಲನಚಿತ್ರಗಳಲ್ಲಿ ಪೊಲೀಸರು 'ಅವನನ್ನು ಮಾತಿನಲ್ಲಿ ಹಿಡಿದಿಡಿ' ಎಂದು ಮನೆಯವರಿಗೆ ಸನ್ನೆ ಮಾಡುವುದನ್ನು ನೀವು ನೋಡಿರಬಹುದು. ಅದಕ್ಕೆ ಕಾರಣವಿತ್ತು. ಹಿಂದಿನ ಸ್ಟ್ರೌಜರ್ ಮಾದರಿಯ ವಿನಿಮಯ ಕೇಂದ್ರದಲ್ಲಿ ಪ್ರತಿ ಕರೆಗೂ ಯಾಂತ್ರಿಕ ಸ್ವಿಚ್ಚುಗಳು ಸರಣಿಯಾಗಿ ಕೂಡಿಕೊಂಡು ಒಂದು ದಾರಿ ಏರ್ಪಡುತ್ತಿತ್ತು. ಕರೆ ಮುಗಿದ ಕೂಡಲೆ ದಾರಿ ಕಳಚಿಹೋಗುತ್ತಿತ್ತು. ಕರೆ ನಡೆಯುತ್ತಿರುವಾಗಲೇ ತಂತ್ರಜ್ಞರು ಸ್ವಿಚ್ಚಿನಿಂದ ಸ್ವಿಚ್ಚಿಗೆ ಹಿಂದಕ್ಕೆ ಹೋಗಿ ಮೂಲವನ್ನು ಹುಡುಕಬೇಕಾಗಿತ್ತು. ಇಲೆಕ್ಟ್ರಾನಿಕ್ ವಿನಿಮಯ ಕೇಂದ್ರ ಬಂದ ಮೇಲೆ ಕರೆ ಮಾಡಿದ ಸಂಖ್ಯೆ ಆ ಕ್ಷಣದಲ್ಲೇ ದಾಖಲಾಗುತ್ತದೆ. ನಲವತ್ತು ಸೆಕೆಂಡು ಬೇಕಿಲ್ಲ, ನಾಲ್ಕು ಸೆಕೆಂಡೂ ಸಾಕು.

ಮೊಬೈಲ್ ಫೋನಿನಲ್ಲಿ ಸಂಖ್ಯೆಯ ಜೊತೆಗೆ ಇನ್ನೂ ಮೂರು ವಿಷಯಗಳು ದೊರೆಯುತ್ತವೆ. ಸಿಮ್ ಕಾರ್ಡಿನ ಗುರುತು ಸಂಖ್ಯೆ, ಫೋನಿನ ಉಪಕರಣದ್ದೇ ಆದ 15 ಅಂಕಿಗಳ ಐಎಂಇಐ ಸಂಖ್ಯೆ, ಸಂಪರ್ಕಿಸಿದ ಗೋಪುರದ ಗುರುತು. ಅಪಹರಣಕಾರ ಸಿಮ್ ಬದಲಾಯಿಸಿದರೂ ಅದೇ ಉಪಕರಣವನ್ನು ಬಳಸಿದರೆ ಐಎಂಇಐ ಅವನನ್ನು ಬಿಟ್ಟುಕೊಡುತ್ತದೆ.

ಗೋಪುರದಿಂದ ಸ್ಥಳವನ್ನು ಅಂದಾಜು ಮಾಡುವುದು ಪ್ರೌಢಶಾಲೆಯ ಗಣಿತಕ್ಕೇ ನಿಲುಕುವ ಲೆಕ್ಕ. ಸಾಮಾನ್ಯವಾಗಿ ಗೋಪುರವೊಂದರ ಸುತ್ತಲಿನ ವೃತ್ತವನ್ನು 120 ಡಿಗ್ರಿಯ ಮೂರು ವಲಯಗಳಾಗಿ ವಿಂಗಡಿಸಿರುತ್ತಾರೆ. ವ್ಯಾಪ್ತಿ 4 ಕಿಮೀ ಎಂದಿಟ್ಟುಕೊಂಡರೆ ಒಂದು ವಲಯದ ವಿಸ್ತೀರ್ಣ ಸುಮಾರು 17 ಚದರ ಕಿಮೀ ಆಗುತ್ತದೆ. ಅಷ್ಟು ಜಾಗದಲ್ಲಿ ಒಂದು ಮಗುವನ್ನು ಹುಡುಕುವುದು ಸುಲಭವಲ್ಲ.

ಇನ್ನೊಂದು ಅಳತೆ ಇಲ್ಲಿ ನೆರವಾಗುತ್ತದೆ. ಎರಡನೆಯ ತಲೆಮಾರಿನ ಜಿಎಸ್‌ಎಂ ಜಾಲದಲ್ಲಿ ಹಲವು ಫೋನುಗಳು ಒಂದೇ ಆವೃತ್ತಿಯನ್ನು ಸರದಿಯ ಮೇಲೆ ಬಳಸುತ್ತವೆ. ದೂರದ ಫೋನಿನ ಸಂಕೇತ ತಡವಾಗಿ ತಲುಪಿ ಪಕ್ಕದವರ ಸರದಿಗೆ ಅಡ್ಡ ಬರಬಾರದು. ಆದ್ದರಿಂದ ಗೋಪುರವು ಪ್ರತಿ ಫೋನಿಗೂ 'ಇಷ್ಟು ಮುಂಚೆ ಕಳುಹಿಸು' ಎಂದು 0ಯಿಂದ 63ರವರೆಗಿನ ಒಂದು ಸಂಖ್ಯೆಯ ಮೂಲಕ ತಿಳಿಸುತ್ತದೆ. ಒಂದು ಹೆಜ್ಜೆ ಎಂದರೆ 3.69 ಮೈಕ್ರೊಸೆಕೆಂಡು. ಬೆಳಕಿನ ವೇಗದಿಂದ ಇದನ್ನು ಗುಣಿಸಿ, ಹೋಗಿಬರುವ ದೂರವಾದ್ದರಿಂದ ಎರಡರಿಂದ ಭಾಗಿಸಿ. ಉತ್ತರ ಸುಮಾರು 553 ಮೀಟರ್. ಆ ಸಂಖ್ಯೆ 5 ಎಂದಾದರೆ ಫೋನು ಗೋಪುರದಿಂದ ಸುಮಾರು 2.77 ಕಿಮೀ ಮತ್ತು 3.32 ಕಿಮೀ ನಡುವಿನ ಪಟ್ಟಿಯಲ್ಲಿದೆ. 17 ಚದರ ಕಿಮೀ ಈಗ ಸುಮಾರು 3.5 ಚದರ ಕಿಮೀಗೆ ಇಳಿಯಿತು. ನಾಲ್ಕನೆಯ ತಲೆಮಾರಿನ ಜಾಲದಲ್ಲಿ ಇದೇ ಹೆಜ್ಜೆ ಸುಮಾರು 78 ಮೀಟರಿನದು. ಅಷ್ಟೇ ದೂರದ ಪಟ್ಟಿಯ ವಿಸ್ತೀರ್ಣ ಅರ್ಧ ಚದರ ಕಿಮೀಗೂ ಕಡಿಮೆ. ಕಟ್ಟಡಗಳಿಗೆ ಬಡಿದು ಬರುವ ತರಂಗಗಳಿಂದ ದೋಷ ಉಂಟಾಗುತ್ತದೆ ನಿಜ. ಆದರೂ ಎರಡು ಮೂರು ಗೋಪುರಗಳ ಅಳತೆಗಳನ್ನು ಕೂಡಿಸಿದರೆ ಹುಡುಕಾಟ ಒಂದು ಬಡಾವಣೆಯಿಂದ ಒಂದು ಬೀದಿಯತ್ತ ಸರಿಯುತ್ತದೆ.

ಈ ಅಳತೆಗಳಲ್ಲಿ ಹಲವು ಆ ಕ್ಷಣಕ್ಕೆ ಮಾತ್ರ ಇರುವಂಥವು. ಕರೆಯ ಸಾಮಾನ್ಯ ದಾಖಲೆಯಲ್ಲಿ ಉಳಿಯುವುದು ಮುಖ್ಯವಾಗಿ ಗೋಪುರದ ಗುರುತು. ಆದ್ದರಿಂದ ಸಮಯ ಕಳೆದಷ್ಟೂ ಮಾಹಿತಿಯ ಬೆಲೆ ಕಡಿಮೆಯಾಗುತ್ತದೆ. ಫೋನು ಆರಿಹೋದರಂತೂ ಕೊನೆಯ ಗೋಪುರವೇ ಗತಿ.

ಬೇಲಿಯೂ ಇಲ್ಲ, ಬಾಗಿಲೂ ಇಲ್ಲ

ಇಷ್ಟು ಬಲವಾದ ಮಾಹಿತಿಯ ಬಗ್ಗೆ ಕಾನೂನು ಏನು ಹೇಳುತ್ತದೆ? ಮಾತಿಗೆ ಗೃಹ ಕಾರ್ಯದರ್ಶಿ ಬೇಕು. ಸ್ಥಳದ ದಾಖಲೆಯನ್ನು ಪೊಲೀಸರು ಸಾಮಾನ್ಯವಾಗಿ ಕೇಳುವುದು ಯಾವುದೇ ದಸ್ತಾವೇಜನ್ನು ತರಿಸಿಕೊಳ್ಳುವ ಅಧಿಕಾರದ ಮೂಲಕ. ಹಿಂದೆ ಇದು ದಂಡ ಪ್ರಕ್ರಿಯಾ ಸಂಹಿತೆಯ 91ನೆಯ ಕಲಮಿನಲ್ಲಿತ್ತು. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೆಯ ಕಲಮಿನಲ್ಲಿದೆ. ಠಾಣಾಧಿಕಾರಿಯ ಲಿಖಿತ ಆದೇಶ ಸಾಕು. ಹಿರಿಯ ಅಧಿಕಾರಿಯ ಮೂಲಕವೇ ಕೇಳಬೇಕೆಂದು ಇಲಾಖೆಯ ಒಳಗೆ ಸೂಚನೆ ಇರಬಹುದು, ಆದರೆ ಇಲಾಖೆಯ ಸೂಚನೆ ಶಾಸನವಾಗುವುದಿಲ್ಲ. ಅಂಗಡಿಯ ಲೆಕ್ಕದ ಪುಸ್ತಕಕ್ಕೂ ಒಬ್ಬ ವ್ಯಕ್ತಿಯ ತಿಂಗಳುಗಟ್ಟಲೆಯ ಓಡಾಟಕ್ಕೂ ಈ ಕಲಮು ವ್ಯತ್ಯಾಸ ಮಾಡುವುದಿಲ್ಲ. ಕದ್ದಾಲಿಕೆಗೆ ಇರುವಂಥ ಪರಿಶೀಲನಾ ಸಮಿತಿ ಇಲ್ಲಿಲ್ಲ. ಇನ್ನೊಂದೆಡೆ, ಜೀವಾಪಾಯದ ಕೋರಿಕೆ ಎಂಬ ಪ್ರತ್ಯೇಕ ವರ್ಗವನ್ನೂ ಈ ಕಲಮು ಗುರುತಿಸುವುದಿಲ್ಲ. ಕಳ್ಳತನದ ತನಿಖೆಯ ಪತ್ರವೂ ಅಪಹರಣದ ಪತ್ರವೂ ಅದರ ಕಣ್ಣಿಗೆ ಒಂದೇ.

ಇದರಿಂದ ಎರಡು ಕಡೆಯೂ ನಷ್ಟ. ಗೋಪುರದ ದಾಖಲೆ ಪಡೆಯುವಾಗ ಆ ಹೊತ್ತಿನಲ್ಲಿ ಅಲ್ಲಿದ್ದ ಎಲ್ಲ ಫೋನುಗಳ ಪಟ್ಟಿಯನ್ನು ಒಟ್ಟಾಗಿ ಪಡೆಯುವುದೂ ಉಂಟು. ಜನನಿಬಿಡ ಪ್ರದೇಶದಲ್ಲಿ ಅದರಲ್ಲಿ ಸಾವಿರಾರು ನಿರಪರಾಧಿಗಳು ಸೇರಿರುತ್ತಾರೆ. ತನಿಖೆ ಮುಗಿದ ಮೇಲೆ ಆ ಪಟ್ಟಿಯನ್ನು ಅಳಿಸಬೇಕೆ, ಯಾವಾಗ ಅಳಿಸಬೇಕು ಎಂಬುದರ ಬಗ್ಗೆ 94ನೆಯ ಕಲಮು ಮೌನವಾಗಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ ಮೇಲೂ ಪರಿಸ್ಥಿತಿ ಹೀಗಿದೆ.

ಅಮೆರಿಕದ ಅನುಭವ ಇಲ್ಲಿ ಉಪಯುಕ್ತ. 2007ರಲ್ಲಿ ಕ್ಯಾನ್ಸಾಸ್ ರಾಜ್ಯದಲ್ಲಿ ಹದಿನೆಂಟು ವರ್ಷದ ಯುವತಿಯೊಬ್ಬಳ ಅಪಹರಣವಾಯಿತು. ದೂರವಾಣಿ ಕಂಪನಿ ಅವಳ ಫೋನಿನ ಸ್ಥಳವನ್ನು ತಿಳಿಸಿದ್ದು ನಾಲ್ಕನೆಯ ದಿನ. ತಿಳಿಸಿದ ಒಂದು ಗಂಟೆಯೊಳಗೆ ಶವ ಸಿಕ್ಕಿತು. ಬೇಗ ತಿಳಿಸಿದ್ದರೆ ಜೀವ ಉಳಿಯುತ್ತಿತ್ತು ಎಂದು ಹೇಳಲಾಗದು. ಆದರೆ ನಾಲ್ಕು ದಿನಗಳ ಕೆಲಸ ಒಂದು ಗಂಟೆಯಲ್ಲಿ ಆಗಬಹುದಾಗಿತ್ತು ಎಂಬುದು ಎಲ್ಲರಿಗೂ ಮನವರಿಕೆಯಾಯಿತು. ಜೀವಾಪಾಯವಿರುವಾಗ ಕಂಪನಿ ಸ್ಥಳವನ್ನು ತಿಳಿಸಲೇಬೇಕೆಂದು 2009ರಲ್ಲಿ ಆ ರಾಜ್ಯ ಕಾನೂನು ಮಾಡಿತು. ಬೇರೆ ರಾಜ್ಯಗಳೂ ಅನುಸರಿಸಿದವು. ಇದು ಬಾಗಿಲು.

ಬೇಲಿ ಬಂದದ್ದು 2018ರಲ್ಲಿ. ವ್ಯಕ್ತಿಯ ಹಿಂದಿನ ಓಡಾಟದ ದಾಖಲೆಯನ್ನು ಪಡೆಯಲು ಪೊಲೀಸರು ಸಾಮಾನ್ಯವಾಗಿ ನ್ಯಾಯಾಲಯದ ವಾರಂಟು ತರಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟು ಕಾರ್ಪೆಂಟರ್ ಪ್ರಕರಣದಲ್ಲಿ ತೀರ್ಪಿತ್ತಿತು. ಅದೇ ತೀರ್ಪಿನಲ್ಲಿ ತುರ್ತುಸಂದರ್ಭಗಳಿಗೆ ವಿನಾಯಿತಿ ಕೊಟ್ಟು, ಮಕ್ಕಳ ಅಪಹರಣವನ್ನು ಅದಕ್ಕೆ ಉದಾಹರಣೆಯಾಗಿ ಹೆಸರಿಸಿತು. ಬೇಲಿಯೂ ಇರಬೇಕು, ಅದಕ್ಕೊಂದು ಬಾಗಿಲೂ ಇರಬೇಕು ಎಂಬ ವಿವೇಕ ಇದು. ನಮ್ಮಲ್ಲಿ ಸ್ಥಳದ ಮಾಹಿತಿಗೆ ಎರಡೂ ಇಲ್ಲ.

ತಡೆಯುವುದು: ಒಂದು ಫೋನೋ, ಇಡೀ ಊರೋ?

ಅಪಹರಣಕಾರ ಒಂದು ಮನೆಯೊಳಗೆ ಒತ್ತೆಯಾಳಿನ ಸಮೇತ ಸಿಕ್ಕಿಬಿದ್ದ ಸಂದರ್ಭವನ್ನು ನೋಡೋಣ. ಹೊರಗಿನ ಸಹಚರರೊಡನೆಯೋ ಸುದ್ದಿವಾಹಿನಿಗಳೊಡನೆಯೋ ಅವನು ಮಾತನಾಡುತ್ತಿದ್ದರೆ ಸಂಧಾನ ಕೆಡುತ್ತದೆ. ಕ್ಯಾಲಿಫೋರ್ನಿಯದ ಕಾನೂನಿನಲ್ಲಿ ಇದಕ್ಕೆಂದೇ ಒಂದು ಕಲಮು ಇದೆ. ಯಾರಾದರೂ ಒತ್ತೆಯಾಳುಗಳನ್ನು ಇಟ್ಟುಕೊಂಡಿದ್ದಾರೆಂದು ನಂಬಲು ತಕ್ಕ ಕಾರಣವಿದ್ದರೆ, ಮೇಲ್ವಿಚಾರಣೆಯ ಪೊಲೀಸ್ ಅಧಿಕಾರಿ ದೂರವಾಣಿ ಕಂಪನಿಯ ಗೊತ್ತುಪಡಿಸಿದ ನೌಕರನಿಗೆ ಹೇಳಿ ಆ ವ್ಯಕ್ತಿಯ ದೂರವಾಣಿ ಮಾರ್ಗವನ್ನು ಕಡಿಸಬಹುದು, ಇಲ್ಲವೆ ಬೇರೆಡೆಗೆ ತಿರುಗಿಸಬಹುದು. ಪೊಲೀಸರು ಮತ್ತು ಅವರು ಒಪ್ಪಿದವರ ಹೊರತು ಬೇರೆ ಯಾರೊಡನೆಯೂ ಅವನು ಮಾತನಾಡದಂತೆ ಮಾಡುವುದೇ ಗುರಿ. ಎಷ್ಟು ಸಣ್ಣ ಅಧಿಕಾರ ನೋಡಿ! ಒಬ್ಬ ವ್ಯಕ್ತಿ, ಒಂದು ಉದ್ದೇಶ. ಫೋನು ಸಾಯುವುದಿಲ್ಲ, ಸಂಧಾನಕಾರನ ಕಡೆಗೆ ಮಾತ್ರ ತೆರೆದಿರುತ್ತದೆ.

ನಮ್ಮ ಕಾಯಿದೆಯಲ್ಲಿ ತಡೆಯುವ ಅಧಿಕಾರವಿದೆ. ಯಾವುದೇ ವ್ಯಕ್ತಿಯ ಸೇವೆಯನ್ನು ಸ್ಥಗಿತಗೊಳಿಸಬಹುದು ಎಂಬ ಮಾತೂ 20ನೆಯ ಕಲಮಿನಲ್ಲಿದೆ. ಆದರೆ ಕರೆಯನ್ನು ಸಂಧಾನಕಾರನ ಕಡೆಗೆ ತಿರುಗಿಸುವುದು ಎಂಬ ಮಾತು ಅದರಲ್ಲಿ ಇಲ್ಲ. ಇನ್ನು ಸೇವೆ ಸ್ಥಗಿತದ ನಿಯಮಗಳು ರೂಪುಗೊಂಡಿರುವುದು ಪ್ರದೇಶದ ಲೆಕ್ಕದಲ್ಲಿ. 2017ರ ನಿಯಮಗಳ ಜಾಗದಲ್ಲಿ 2024ರ ನವೆಂಬರಿನಲ್ಲಿ ಹೊಸವು ಬಂದವು. ಆದೇಶದಲ್ಲಿ ಪ್ರದೇಶವನ್ನು ಹೇಳಬೇಕು, ಅವಧಿ 15 ದಿನ ಮೀರಬಾರದು, ಆದೇಶವನ್ನು ಪ್ರಕಟಿಸಬೇಕು. 2020ರ ಜನವರಿಯಲ್ಲಿ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಕೇಳಿದ್ದೂ ಈ ಪ್ರಕಟಣೆಯನ್ನೇ. ಊರಿಗೆ ಊರೇ ಅಂತರಜಾಲ ಕಳೆದುಕೊಳ್ಳುವಾಗ ಪ್ರಕಟಣೆ ಅತ್ಯಗತ್ಯ. ಆದರೆ ಒಬ್ಬ ಅಪಹರಣಕಾರನ ಫೋನನ್ನು ತಡೆಯುವ ಮುನ್ನ ಅದನ್ನು ಪ್ರಕಟಿಸಿದರೆ ಉದ್ದೇಶವೇ ಕೆಡುತ್ತದೆ. ಎರಡು ಬೇರೆ ಬೇರೆ ಕೆಲಸಗಳನ್ನು ಒಂದೇ ಪಾತ್ರೆಯಲ್ಲಿ ಹಾಕಿದರೆ ಆಗುವ ತೊಂದರೆ ಇದು.

ತಾಂತ್ರಿಕವಾಗಿ ಒಂದು ಫೋನನ್ನು ಮಾತ್ರ ತಡೆಯುವುದು ಕಷ್ಟವಲ್ಲ. ಜಾಲದ ಚಂದಾದಾರರ ದಾಖಲೆಯಲ್ಲಿ ಆ ಸಿಮ್ ಸಂಖ್ಯೆಗೆ ನಿರ್ಬಂಧ ಹಾಕಿದರೆ ಸಾಕು. ಗೋಪುರವನ್ನೇ ಆರಿಸುವುದು ಒರಟು ವಿಧಾನ. ಆಗ ಸುತ್ತಲಿನವರು ತುರ್ತು ಸೇವೆಯ 112ಕ್ಕೆ ಕರೆ ಮಾಡಲೂ ತೊಂದರೆಯಾಗಬಹುದು, ಒತ್ತೆಯಾಳಿನ ಕೈಗೆ ಫೋನು ಸಿಕ್ಕಿದರೆ ಅವನೂ ಕರೆಯಲಾರ.

ತಡೆಯುವುದು ಯಾವಾಗಲೂ ಸರಿಯೆ? 2008ರ ನವೆಂಬರಿನ ಮುಂಬಯಿ ದಾಳಿಯಲ್ಲಿ ಈ ಪ್ರಶ್ನೆ ಭೀಕರವಾಗಿ ಎದುರಾಯಿತು. ದಾಳಿಕೋರರು ನಾರಿಮನ್ ಹೌಸಿನಲ್ಲೂ ಹೋಟೆಲುಗಳಲ್ಲೂ ಜನರನ್ನು ಹಿಡಿದಿಟ್ಟುಕೊಂಡು, ಅಂತರಜಾಲದ ಮೂಲಕ ಬರುತ್ತಿದ್ದ ಕರೆಗಳಲ್ಲಿ ಪಾಕಿಸ್ತಾನದಲ್ಲಿದ್ದ ಸೂತ್ರಧಾರರ ಸೂಚನೆಗಳನ್ನು ಪಡೆಯುತ್ತಿದ್ದರು. ಪೊಲೀಸರು ಆ ಮಾತುಗಳನ್ನು ಕೇಳಿ ದಾಖಲಿಸಿದರು. ಸಂಪರ್ಕವನ್ನು ಕಡಿದಿದ್ದರೆ ಕೊಲ್ಲುವ ಸೂಚನೆಗಳು ತಲುಪುತ್ತಿರಲಿಲ್ಲ. ಕಡಿಯದೆ ಇದ್ದುದರಿಂದ ಒಳಗೇನು ನಡೆಯುತ್ತಿದೆ ಎಂಬುದು ತಿಳಿಯುತ್ತಿತ್ತು, ಸಾಕ್ಷ್ಯವೂ ದೊರೆಯಿತು. 2012ರ ಆಗಸ್ಟ್‌ನ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಸಂಭಾಷಣೆಗಳನ್ನು ಅವಲಂಬಿಸಿತು. ಟಿವಿ ವಾಹಿನಿಗಳ ನೇರಪ್ರಸಾರವನ್ನು ನೋಡಿ ಸೂತ್ರಧಾರರು ದಾಳಿಕೋರರಿಗೆ ಮಾಹಿತಿ ಕೊಡುತ್ತಿದ್ದುದನ್ನೂ ಕಟುವಾಗಿ ಟೀಕಿಸಿತು. ಕಡಿಯಬೇಕೆ, ಕೇಳಬೇಕೆ ಎಂಬುದನ್ನು ಸ್ಥಳದಲ್ಲಿರುವವರು ನಿಮಿಷಗಳಲ್ಲಿ ತೀರ್ಮಾನಿಸಬೇಕು. ಆ ತೀರ್ಮಾನ ಯಾರದು, ಅದಕ್ಕೆ ಯಾರು ಉತ್ತರ ಹೇಳಬೇಕು ಎಂಬುದನ್ನಾದರೂ ಕಾನೂನು ಮೊದಲೇ ಬರೆದಿಡಬೇಕು.

ಫೋನಿನ ಮಿತಿ

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆಯೂ ಬೇಕು. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅವರನ್ನು ವೀರಪ್ಪನ್ ಕರೆದೊಯ್ದುದು ಕನ್ನಡಿಗರಿಗೆಲ್ಲ ನೆನಪಿದೆ. ಅವರು ಬಿಡುಗಡೆಯಾದದ್ದು 108 ದಿನಗಳ ನಂತರ, ನವೆಂಬರ್ 15ರಂದು. ಆ ದಿನಗಳಲ್ಲಿ ಕಾಡಿನಿಂದ ಬೇಡಿಕೆಗಳು ಬಂದದ್ದು ಧ್ವನಿಸುರುಳಿಗಳಲ್ಲಿ. ನಕ್ಕೀರನ್ ಪತ್ರಿಕೆಯ ಸಂಪಾದಕ ಗೋಪಾಲ್ ಸಂಧಾನಕಾರರಾಗಿ ಕಾಡಿಗೆ ಹೋಗಿಬರುತ್ತಿದ್ದರು. ಕ್ಯಾಸೆಟ್ಟು ಯಾವ ಗೋಪುರದೊಡನೆಯೂ ಮಾತನಾಡುವುದಿಲ್ಲ. ದೂರವಾಣಿಯ ಮೇಲೆ ಎಷ್ಟೇ ಅಧಿಕಾರವಿದ್ದರೂ ಅದು ಅಲ್ಲಿ ನಿರುಪಯುಕ್ತ. ಅಧಿಕಾರ ಹೆಚ್ಚಿದಷ್ಟೂ ಅಪಹರಣ ಕಡಿಮೆಯಾಗುತ್ತದೆ ಎಂಬ ವಾದ ಬಂದಾಗ ಈ ಉದಾಹರಣೆಯನ್ನು ನೆನಪಿಡಿ.

ಏನು ಆಗಬೇಕು?

ಸುಲಭದ ಪರಿಹಾರವೊಂದನ್ನು ಕೆಲವರು ಸೂಚಿಸಬಹುದು. 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 69ನೆಯ ಕಲಮಿಗೆ 2008ರಲ್ಲಿ ತಿದ್ದುಪಡಿ ಮಾಡುವಾಗ 'ಯಾವುದೇ ಅಪರಾಧದ ತನಿಖೆ' ಎಂಬ ಕಾರಣವನ್ನು ಸೇರಿಸಲಾಯಿತು. ದೂರಸಂಪರ್ಕ ಕಾಯಿದೆಗೂ ಅದನ್ನೇ ಸೇರಿಸಿದರೆ ಅಪಹರಣವೂ ಒಳಗೆ ಬರುತ್ತದಲ್ಲವೆ? ಬರುತ್ತದೆ. ಆದರೆ ಅದರೊಡನೆ ಚಿಲ್ಲರೆ ಅಪರಾಧಗಳೂ ಬರುತ್ತವೆ, ಯಾರ ಮಾತನ್ನಾದರೂ ಕೇಳಬಹುದು ಎಂಬ ಸ್ಥಿತಿ ಬರುತ್ತದೆ. ಒಂದು ಮಗುವಿನ ಹೆಸರಿನಲ್ಲಿ ಎಲ್ಲರ ಮನೆಯ ಬಾಗಿಲನ್ನು ತೆಗೆಸುವುದು ನ್ಯಾಯವಲ್ಲ.

ಬೇಕಾದದ್ದು ಹೆಸರಿಟ್ಟು ಹೇಳಿದ, ಸಣ್ಣ ಅಧಿಕಾರಗಳು. ಅಮೆರಿಕದ 1968ರ ಕದ್ದಾಲಿಕೆ ಕಾನೂನಿನಲ್ಲಿ ಅನುಮತಿ ಪಡೆಯಬಹುದಾದ ಅಪರಾಧಗಳ ಪಟ್ಟಿಯಲ್ಲಿ ಅಪಹರಣದ ಹೆಸರೇ ಇದೆ. ನಮ್ಮಲ್ಲಿಯೂ ವ್ಯಕ್ತಿಯ ಜೀವಕ್ಕೆ ತಕ್ಷಣದ ಅಪಾಯ ಎಂಬ ಕಾರಣವನ್ನು 20ನೆಯ ಕಲಮಿಗೆ ಸೇರಿಸಬಹುದು. ಸ್ಥಳದ ಮಾಹಿತಿಗೆ ಪ್ರತ್ಯೇಕ ಕಲಮು ಬೇಕು: ಸಾಮಾನ್ಯ ತನಿಖೆಯಲ್ಲಿ ನ್ಯಾಯಾಧೀಶರ ಅನುಮತಿ, ಜೀವಾಪಾಯವಿದ್ದಾಗ ಹಿರಿಯ ಪೊಲೀಸ್ ಅಧಿಕಾರಿಯ ಕೋರಿಕೆಗೆ ಕಂಪನಿಯಿಂದ ತಕ್ಷಣದ ಉತ್ತರ, 48 ಗಂಟೆಗಳೊಳಗೆ ನ್ಯಾಯಾಧೀಶರ ಪರಿಶೀಲನೆ, ಸಂಬಂಧವಿಲ್ಲದವರ ದಾಖಲೆಯನ್ನು ಅಳಿಸುವ ಗಡುವು. ತಡೆಯುವ ಮತ್ತು ತಿರುಗಿಸುವ ಅಧಿಕಾರ ಒಂದು ಗೊತ್ತಾದ ಫೋನಿಗೆ ಮಾತ್ರ ಸೀಮಿತವಾಗಿರಬೇಕು, ಕೆಲಸ ಮುಗಿದ ಕೂಡಲೆ ಅದೂ ಮುಗಿಯಬೇಕು, ಆಮೇಲೆ ಲಿಖಿತ ವರದಿ ಬರಬೇಕು.

ಶಿಕ್ಷಕರಲ್ಲಿ ಒಂದು ವಿನಂತಿ. ಬೆಳಕಿನ ವೇಗದ ಪಾಠ ಮಾಡುವಾಗ 3.69 ಮೈಕ್ರೊಸೆಕೆಂಡಿನ ಲೆಕ್ಕವನ್ನು ಕರಿಹಲಗೆಯ ಮೇಲೆ ಮಾಡಿಸಿ. ಗೋಪುರದಿಂದ 553 ಮೀಟರಿನ ಪಟ್ಟಿಗಳನ್ನು ನಿಮ್ಮ ಊರಿನ ನಕ್ಷೆಯ ಮೇಲೆ ಎಳೆಸಿ. ಅನಂತರ ಮಕ್ಕಳನ್ನು ಕೇಳಿ: ಈ ಪಟ್ಟಿಯಲ್ಲಿ ನೀನಿದ್ದೀಯೆ ಎಂದು ತಿಳಿಯುವ ಅಧಿಕಾರ ಯಾರಿಗೆ, ಯಾವಾಗ, ಎಷ್ಟು ಹೊತ್ತಿನವರೆಗೆ ಇರಬೇಕು? ಅಪಹೃತ ಮಗುವಿನ ಕಡೆಯಿಂದ ಒಮ್ಮೆ, ಅದೇ ಪಟ್ಟಿಯಲ್ಲಿ ಸಿಕ್ಕಿಕೊಂಡ ನಿರಪರಾಧಿಯ ಕಡೆಯಿಂದ ಒಮ್ಮೆ ಅವರು ಉತ್ತರಿಸಲಿ. ಶಾಸನ ರಚಿಸುವವರು ಮಾಡಬೇಕಾಗಿದ್ದುದೂ ಇದೇ ಅಭ್ಯಾಸ.